ಡೌನ್‌ಲೋಡ್ 2,300, ದುಡ್ಡು ಕೊಟ್ಟವರು 19: ಈಗ ಏನು ಮಾಡಬೇಕು?

ಪ್ರಶ್ನೆ: ನಾವು ದಾವಣಗೆರೆಯ ಇಬ್ಬರು ಗೆಳೆಯರು. ಟೈಲರ್ ಅಂಗಡಿಗಳಿಗೆ ಅಂತ ಒಂದು ಆಪ್ ಮಾಡಿದ್ದೇವೆ. ಗಿರಾಕಿಗಳ ಅಳತೆ, ಬಿಲ್, ಬಟ್ಟೆ ಸ್ಟಾಕ್, ಕೆಲಸಗಾರರ ಹಾಜರಿ ಎಲ್ಲ ಅದರಲ್ಲಿದೆ. ಶುರು ಮಾಡಿ 14 ತಿಂಗಳಾಯಿತು. 2,300 ಡೌನ್‌ಲೋಡ್ ಆಗಿದೆ. ಒಂದು ಡೌನ್‌ಲೋಡ್‌ಗೆ ಜಾಹೀರಾತಿನ ಖರ್ಚು ಸುಮಾರು 35 ರೂಪಾಯಿ ಬಿದ್ದಿದೆ. ವಾರಕ್ಕೊಮ್ಮೆಯಾದರೂ ಆಪ್ ತೆರೆಯುವವರು 70 ಜನ. ತಿಂಗಳಿಗೆ 149 ರೂಪಾಯಿ ಕೊಟ್ಟು ಬಳಸುವವರು 19 ಜನ. ಕೈಯಲ್ಲಿ 6 ಲಕ್ಷ ಉಳಿದಿದೆ, ತಿಂಗಳ ಖರ್ಚು 60 ಸಾವಿರ. ಜಾಹೀರಾತಿಗೆ ಇನ್ನೂ 2 ಲಕ್ಷ ಹಾಕೋಣ ಅಂತಾನೆ ನನ್ನ ಗೆಳೆಯ. ಇನ್ನಷ್ಟು ಫೀಚರ್ ಸೇರಿಸೋಣ ಅಂತ ನಾನು. ಯಾರು ಸರಿ? ಹೂಡಿಕೆದಾರರನ್ನು ಈಗಲೇ ಹುಡುಕಬೇಕಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೂರು ತಿಂಗಳು ಜಾಹೀರಾತು ನಿಲ್ಲಿಸಿ. ಹೊಸ ಫೀಚರ್ ಬರೆಯೋದನ್ನೂ ನಿಲ್ಲಿಸಿ. ದುಡ್ಡು ಕೊಟ್ಟ ಆ 19 ಜನರ ಅಂಗಡಿಗೆ ಒಬ್ಬೊಬ್ಬರಾಗಿ ಹೋಗಿ, ಕೂತು ನೋಡಿ.

ಮೊದಲು ನಿಮ್ಮ ಗೆಳೆಯರ ಮಾತಿನ ಲೆಕ್ಕ ಹಾಕೋಣ. 35 ರೂಪಾಯಿ ಹಾಗೆ 2 ಲಕ್ಷಕ್ಕೆ ಸುಮಾರು 5,700 ಡೌನ್‌ಲೋಡ್ ಬರುತ್ತವೆ. ಇಲ್ಲಿಯವರೆಗೆ ನಿಮ್ಮಲ್ಲಿ 2,300ಕ್ಕೆ 19 ಜನ ದುಡ್ಡು ಕೊಟ್ಟಿದ್ದಾರೆ. ಅದೇ ಪ್ರಮಾಣದಲ್ಲಿ 5,700ಕ್ಕೆ 47 ಜನ ಕೊಡಬಹುದು. ಅಂದರೆ ಒಬ್ಬೊಬ್ಬರನ್ನು ಕರೆತರಲು 4,250 ರೂಪಾಯಿ. ಅವರು ತಿಂಗಳಿಗೆ ಕೊಡುವುದು 149. ಹಾಕಿದ ದುಡ್ಡು ವಾಪಸ್ ಬರಲು 28 ತಿಂಗಳು ಬೇಕು, ಅದೂ ಒಬ್ಬರೂ ಬಿಟ್ಟು ಹೋಗದಿದ್ದರೆ. ನಿಮ್ಮ ಕೈಯಲ್ಲಿರೋದು 10 ತಿಂಗಳ ಖರ್ಚಿಗಾಗುವಷ್ಟು ದುಡ್ಡು. ಈಗ ಜಾಹೀರಾತಿಗೆ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ.

ಇನ್ನು ನಿಮ್ಮ ಮಾತು, ಫೀಚರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಈ ದಾರಿಯಲ್ಲಿ ನಾನೇ ಹೋಗಿ ಪೆಟ್ಟು ತಿಂದಿದ್ದೇನೆ.

ಸುಮಾರು ಹತ್ತು ವರ್ಷದ ಹಿಂದೆ ನಾವು ಮೂವರು ಸೇರಿ ಕಿರಾಣಿ ಅಂಗಡಿಗಳಿಗೆ ಒಂದು ಆಪ್ ಮಾಡಿದ್ದೆವು. ಸ್ಟಾಕ್, ಬಿಲ್, ಲಾಭ ನಷ್ಟದ ಗ್ರಾಫ್, ಉದ್ರಿ ಲೆಕ್ಕ, ಎಲ್ಲ ಹಾಕಿದ್ದೆವು. ಬಳಕೆ ಕಡಿಮೆ ಅಂತ ಕಂಡಾಗಲೆಲ್ಲ ಇನ್ನೊಂದು ಫೀಚರ್ ಸೇರಿಸುತ್ತಿದ್ದೆವು. ಒಂದು ದಿನ ಮೊದಲ ಪುಟವನ್ನೇ ಬದಲಾಯಿಸಿ, ಚೆಂದದ ಗ್ರಾಫ್‌ಗಳನ್ನು ಮುಂದೆ ತಂದು, ಉದ್ರಿಯನ್ನು ಒಳಗೆ ತಳ್ಳಿದೆವು. ಮರುದಿನ ಬೆಳಗ್ಗೆ ಏಳಕ್ಕೆ ತುಮಕೂರಿನ ಒಬ್ಬ ಅಂಗಡಿಯವರ ಫೋನ್ ಬಂತು. 'ನನ್ನ ಉದ್ರಿ ಎಲ್ಲಿ ಹೋಯ್ತು ಸ್ವಾಮಿ? ಗಿರಾಕಿ ಎದುರಿಗೇ ನಿಂತಿದ್ದಾರೆ!' ಆಮೇಲೆ ಗೊತ್ತಾಯಿತು, ದಿನಾ ಆಪ್ ತೆರೆಯುವ ಅಂಗಡಿಯವರಲ್ಲಿ ಹೆಚ್ಚಿನವರು ತೆರೆಯುತ್ತಿದ್ದದ್ದು ಆ ಒಂದು ಪುಟಕ್ಕಾಗಿ. ಯಾರು ಎಷ್ಟು ಕೊಡಬೇಕು, ಅಷ್ಟೇ ಅವರಿಗೆ ಬೇಕಿದ್ದದ್ದು. ಉಳಿದದ್ದಕ್ಕೆ ನಾವು ಸುರಿದ ತಿಂಗಳುಗಳು ವಾಪಸ್ ಬರಲಿಲ್ಲ. ನಾವು ಅದನ್ನು ಕಂಡುಕೊಳ್ಳುವ ಹೊತ್ತಿಗೆ ದುಡ್ಡೂ ಮುಗಿದಿತ್ತು. ಅವರು ಫೋನ್ ಮಾಡುವ ಮುಂಚೆ ನಾವೇ ಅವರ ಅಂಗಡಿಗೆ ಹೋಗಿದ್ದರೆ ಒಂದೇ ಸಂಜೆಯಲ್ಲಿ ತಿಳಿಯುತ್ತಿತ್ತು.

ಅದಕ್ಕೇ ನಿಮ್ಮ ಪತ್ರ ಓದಿದ ಮೇಲೆ ಸುಮ್ನೆ ಕೂರಲಾಗದೆ ನಮ್ಮ ಬೀದಿ ಕೊನೆಯ ಲೇಡೀಸ್ ಟೈಲರ್ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಅಕ್ಕ ನಮಗೆ ಪರಿಚಯ. 'ಒಂದೆರಡು ಗಂಟೆ ಮೂಲೆಯಲ್ಲಿ ಕೂತಿರ್ತೀನಿ, ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ' ಅಂದೆ. ಸಂಜೆ 5ರಿಂದ 7.

ಏಳು ಗಿರಾಕಿಗಳು ಬಂದರು. ಅವರಲ್ಲಿ ಐದು ಜನ ಮನೆಯಿಂದಲೇ ಅಳತೆ ಬ್ಲೌಸ್ ತಂದಿದ್ದರು. ಟೇಪ್ ಹಿಡಿದದ್ದು ಎರಡೇ ಸಲ. ಅಕ್ಕ ಮಾಡಿದ್ದಿಷ್ಟು. ಹೊಸ ಬಟ್ಟೆಯ ಅಂಚಿನಿಂದ ಬೆರಳಗಲದ ಒಂದು ಚೂರು ಕತ್ತರಿಸಿದರು. ಬಿಲ್ ಬುಕ್ಕಿನ ಹಾಳೆಗೆ ಅದನ್ನು ಪಿನ್ ಹೊಡೆದರು. ಪಕ್ಕದಲ್ಲಿ ಹೆಸರು, ಕೊಡಬೇಕಾದ ತಾರೀಕು, 'ಲೈನಿಂಗ್, ಹಿಂದೆ ಹುಕ್, ತೋಳು ಅರ್ಧ ಇಂಚು ಉದ್ದ' ಅಂತ ಬರೆದರು. ಅಳತೆ ಬ್ಲೌಸನ್ನು ಹೊಸ ಬಟ್ಟೆಯೊಳಗೆ ಸುತ್ತಿ ಕವರಿಗೆ ಹಾಕಿ ಹಿಂದಿನ ಕಪಾಟಿನಲ್ಲಿಟ್ಟರು. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ.

ನಿಮ್ಮ ಆಪ್‌ನ ಪಟ್ಟಿಯಲ್ಲಿ ಮೊದಲು ಬರೆದಿರೋದು ಅಳತೆ. ಅಕ್ಕನ ಅಂಗಡಿಯಲ್ಲಿ ಅಳತೆ ಅನ್ನೋದು ಕವರಿನೊಳಗಿನ ಹಳೇ ಬ್ಲೌಸ್. ಅದನ್ನು ಫೋನಿಗೆ ಟೈಪ್ ಮಾಡುವ ಅಗತ್ಯವೇ ಅವರಿಗಿಲ್ಲ.

ಇನ್ನೊಂದು ವಿಷಯ ನೋಡಿ. ಆ ಎರಡು ಗಂಟೆಯಲ್ಲಿ ಫೋನ್ ಒಂಬತ್ತು ಸಲ ಬಂತು. ಆರು ಸಲ ಒಂದೇ ಪ್ರಶ್ನೆ: 'ಅಕ್ಕಾ, ನಂದು ಆಯ್ತಾ?' ಮೊದಲ ಐದು ಸಲ ಅಕ್ಕ ಮಷೀನ್ ನಿಲ್ಲಿಸಿ ಎದ್ದರು. ಬಿಲ್ ಬುಕ್ ಹಿಂದೆ ಮುಂದೆ ತಿರುವಿದರು. ಕಪಾಟಿನಲ್ಲಿ ಕವರ್ ತಡಕಿದರು. ಆರನೇ ಸಲ ಏಳಲೇ ಇಲ್ಲ, 'ನಾಳಿದ್ದು ಬನ್ನಿ' ಅಂದುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, 'ಅವರದ್ದು ಕುಚ್ಚು ಹಾಕೋಕೆ ಕೊಟ್ಟಿದ್ದೆ, ವಾಪಸ್ ಬಂತೋ ಇಲ್ವೋ ನಂಗೇ ನೆನಪಿಲ್ಲ ಸರ್' ಅಂದರು. ಸೀರೆ ಕುಚ್ಚು ಹಾಕುವವರು ಬೇರೆ. ಫಾಲ್ಸ್ ಹೊಲಿಯುವವರು ಇನ್ನೊಬ್ಬರು, ಮನೆಯಲ್ಲೇ ಮಾಡಿಕೊಡುವವರು. ಒಂದು ಸೀರೆ, ಒಂದು ಬ್ಲೌಸು ಮೂರು ಕೈ ದಾಟುತ್ತದೆ. ಎಲ್ಲಿದೆ ಅನ್ನೋದು ಅಕ್ಕನ ತಲೆಯಲ್ಲಿ ಮಾತ್ರ ಇದೆ.

ಅವರಿಗೆ ನಾಳೆ ಏನೇನು ಕೊಡಬೇಕು, ಅದರಲ್ಲಿ ಯಾವುದು ಎಲ್ಲಿದೆ ಅನ್ನುವ ಒಂದೇ ಒಂದು ಪಟ್ಟಿ ಸಿಕ್ಕರೆ? ಬಟ್ಟೆ ಚೂರಿನ ಬದಲು ಬಟ್ಟೆಯದೇ ಒಂದು ಫೋಟೋ, ಒಂದು ಹೆಸರು, ಒಂದು ತಾರೀಕು. ನಾನು ನೋಡಿದ್ದು ಒಂದೇ ಅಂಗಡಿ, ಅದನ್ನೇ ನಂಬಿ ನಿಮ್ಮ ಆಪ್ ಬದಲಾಯಿಸಬೇಡಿ. ಗಂಡಸರ ಪ್ಯಾಂಟು ಶರ್ಟು ಹೊಲಿಯುವ ಅಂಗಡಿಯಲ್ಲಿ ಕಥೆ ಬೇರೆ ಇರುತ್ತದೆ, ಅಲ್ಲಿ ಅಳತೆ ಪುಸ್ತಕವೇ ಆಸ್ತಿ. ಆದರೆ ನಿಮ್ಮ 19 ಅಂಗಡಿಗಳಲ್ಲಿ ಹೀಗೆ ಕೂತರೆ ಕಣ್ಣಿಗೆ ಬೀಳುವುದು 2 ಲಕ್ಷ ಕೊಟ್ಟರೂ ಸಿಗಲ್ಲ.

ಕೂರುವುದಕ್ಕೂ ಒಂದು ರೀತಿ ಇದೆ. ಲ್ಯಾಪ್‌ಟಾಪ್ ಒಯ್ಯಬೇಡಿ. ಆಪ್ ತೋರಿಸಬೇಡಿ. 'ಈ ಫೀಚರ್ ಕೊಟ್ಟರೆ ಬಳಸ್ತೀರಾ?' ಅಂತ ಯಾವತ್ತೂ ಕೇಳಬೇಡಿ. ಬಾಗಿಲಿಗೆ ಬಂದವರ ಮನಸ್ಸು ನೋಯಿಸೋದು ನಮ್ಮವರಿಗೆ ಇಷ್ಟವಿಲ್ಲ. 'ಚೆನ್ನಾಗಿದೆ, ಮಾಡಿ' ಅಂತಾರೆ, ಆಮೇಲೆ ಮುಟ್ಟುವುದಿಲ್ಲ. ಆಗಿ ಹೋದದ್ದನ್ನು ಕೇಳಿ. ಕಳೆದ ವಾರ ಯಾವ ಗಿರಾಕಿ ಸಿಟ್ಟು ಮಾಡ್ಕೊಂಡ್ರು, ಯಾಕೆ? ಕೊನೆಯ ಸಲ ದುಡ್ಡು ಕೈತಪ್ಪಿದ್ದು ಯಾವಾಗ? ಹಾಗೇ ಮೇಜಿನ ಮೇಲೆ ಬಿಲ್ ಬುಕ್ ಇನ್ನೂ ಇದೆಯಾ ನೋಡಿ. ಇದ್ದರೆ ನಿಮ್ಮ ಆಪ್ ಅವರಿಗೆ ಎರಡನೇ ಕೆಲಸ, ಪುಸ್ತಕದಲ್ಲಿ ಬರೆದದ್ದನ್ನೇ ಮತ್ತೆ ಬರೆಯೋದು. ಹಾಗೆ ಎರಡು ಸಲ ಬರೆಯುವ ತಾಳ್ಮೆ ಹಬ್ಬದ ಹತ್ತಿರ ಯಾರಿಗೂ ಉಳಿಯೋದಿಲ್ಲ.

ಆನ್‌ಲೈನ್‌ನಲ್ಲಿ ಬಸ್ ಟಿಕೆಟ್ ಮಾರುವ ಬೆಂಗಳೂರಿನ ರೆಡ್‌ಬಸ್ ಕಥೆ ಇಲ್ಲಿ ನಿಮಗೆ ತುಂಬಾ ಹತ್ತಿರದ್ದು. 2005ರ ದೀಪಾವಳಿಗೆ, ಮುಂದೆ ಅದನ್ನು ಕಟ್ಟಿದ ಫಣೀಂದ್ರ ಸಾಮ ಅವರಿಗೆ ಹೈದರಾಬಾದಿಗೆ ಹೋಗಲು ಬಸ್ ಟಿಕೆಟ್ ಸಿಗಲಿಲ್ಲ. ಒಂದು ಟ್ರಾವೆಲ್ಸ್‌ನಿಂದ ಇನ್ನೊಂದಕ್ಕೆ ಅಲೆದು, ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಇದೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ ಅನ್ನೋದನ್ನು ಕಂಡುಕೊಂಡರು. ಬಿಟ್ಸ್ ಪಿಲಾನಿಯಲ್ಲಿ ಜೊತೆಗೆ ಓದಿದ ಗೆಳೆಯರೊಂದಿಗೆ ಸೇರಿ ಅವರು ಮೊದಲು ಮಾಡಲು ಹೊರಟದ್ದು ಬಸ್ ಮಾಲೀಕರಿಗೆ ಸಾಫ್ಟ್‌ವೇರ್. ಮಾಲೀಕರಿಗೆ ಅದು ಬೇಡವಾಗಿತ್ತು. ಅವರಿಗೆ ಬೇಕಿದ್ದದ್ದು ಸೀಟು ತುಂಬೋದು. ಆಗ ಇವರು ದಾರಿ ತಿರುಗಿಸಿದರು. 2006ರಲ್ಲಿ ಪ್ರಯಾಣಿಕರಿಗೆ ಆನ್‌ಲೈನ್‌ನಲ್ಲಿ ಟಿಕೆಟ್ ಮಾರುವ ಕೆಲಸ ಶುರು ಮಾಡಿದರು. ಸೀಟು ಮಾರಿಕೊಟ್ಟ ಮೇಲೆ ಮಾಲೀಕರಿಗೆ ನಂಬಿಕೆ ಬಂತು. ಮಾಲೀಕರಿಗೆ ಅಂತ ಸಾಫ್ಟ್‌ವೇರ್ ಆಮೇಲೆ ಬಂತು, ಆಗ ಅದು ನಡೆಯಿತು. 2013ರಲ್ಲಿ ಆನ್‌ಲೈನ್ ಪ್ರಯಾಣ ವ್ಯವಹಾರದ ಐಬಿಬೊ ಗುಂಪು ಆ ಕಂಪನಿಯನ್ನು ಕೊಂಡಿತು. ಸಾಫ್ಟ್‌ವೇರ್ ಬೇಡ ಅಂದವರ ಮಾತನ್ನು ಅವರು ಕಿವಿಗೊಟ್ಟು ಕೇಳಿದರು, ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು ಅದೇ. ನಿಮ್ಮ ಟೈಲರ್‌ಗಳಿಗೂ ಆಪ್ ಬೇಕಾಗಿಲ್ಲ. ಅವರ 'ಸೀಟು' ಯಾವುದು ಅಂತ ನೀವು ಹುಡುಕಬೇಕು. 'ನಂದು ಆಯ್ತಾ' ಅನ್ನುವ ಫೋನು ನಿಲ್ಲೋದೇ ಇರಬಹುದು. ತಗೊಳ್ಳದೆ ಕಪಾಟಿನಲ್ಲಿ ಉಳಿದುಹೋದ ಬಟ್ಟೆಗಳ ಬಾಕಿ ವಸೂಲಿಯೂ ಇರಬಹುದು.

ಈಗ ಅಂಕಿಗಳ ವಿಷಯ. ಡೌನ್‌ಲೋಡ್ ಎಷ್ಟು ಅನ್ನೋದನ್ನು ಗೋಡೆಯಿಂದ ಕಿತ್ತುಹಾಕಿ. 'ತೆರೆದರು' ಅನ್ನೋದೂ ಬೇಡ, ಕೈತಪ್ಪಿ ತೆರೆದರೂ ಅದು ಲೆಕ್ಕಕ್ಕೆ ಬರುತ್ತದೆ. ಆ ವಾರ ಕನಿಷ್ಠ ಐದು ಆರ್ಡರ್ ಆಪ್‌ನಲ್ಲಿ ಬರೆದವರನ್ನು ಮಾತ್ರ ಬಳಸುವವರು ಅನ್ನಿ. ಒಂದು ಹಾಳೆಯಲ್ಲಿ ತಿಂಗಳಿಗೊಂದು ಸಾಲು ಎಳೆಯಿರಿ. ಜನವರಿಯಲ್ಲಿ ಸೇರಿದವರು ಒಂದು ಸಾಲು, ಫೆಬ್ರವರಿಯವರು ಇನ್ನೊಂದು. ಪ್ರತಿ ಸಾಲಿನಲ್ಲಿ ಮೊದಲ ತಿಂಗಳು ಎಷ್ಟು ಜನ ಬಳಸಿದರು, ಎರಡನೇ ತಿಂಗಳು ಎಷ್ಟು, ಮೂರನೇ ತಿಂಗಳು ಎಷ್ಟು ಅಂತ ಬರೆಯುತ್ತಾ ಹೋಗಿ. ಸಂಖ್ಯೆ ಇಳಿಯುತ್ತದೆ, ಅದಕ್ಕೆ ಹೆದರಬೇಡಿ. ಎಲ್ಲೋ ಒಂದು ಕಡೆ ಇಳಿಯೋದು ನಿಲ್ಲುತ್ತದಾ ಅಂತ ನೋಡಿ. 100 ಜನ ಸೇರಿ, 40ಕ್ಕೆ ಇಳಿದು, 25ರಲ್ಲಿ ನಿಂತು, ಆರು ತಿಂಗಳಾದರೂ 25 ಆಗಿಯೇ ಉಳಿದರೆ ನಿಮ್ಮ ಕೈಯಲ್ಲಿ ಒಂದು ಗಟ್ಟಿ ವಸ್ತು ಇದೆ. ಸೊನ್ನೆಯ ಕಡೆಗೆ ಇಳಿಯುತ್ತಲೇ ಹೋದರೆ, ಎಷ್ಟು ಜನರನ್ನು ಕರೆತಂದರೂ ಕೊನೆಗೆ ಯಾರೂ ಉಳಿಯೋದಿಲ್ಲ.

ನಿಮ್ಮ ಕಸುಬಿನಲ್ಲಿ ಇನ್ನೊಂದು ತಿರುವಿದೆ, ಹೊರಗಿನ ಯಾವ ಲೆಕ್ಕಾಚಾರವೂ ನಿಮಗೆ ಇದನ್ನು ಹೇಳಿಕೊಡೋದಿಲ್ಲ. ನಮ್ಮ ಕಡೆ ಆಷಾಢದಲ್ಲಿ ಮದುವೆ ಇರಲ್ಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಅದರ ಹಿಂದೆಯೇ ಗೌರಿ ಗಣೇಶ, ದಸರಾ, ದೀಪಾವಳಿ. ಆಷಾಢದಲ್ಲಿ ಬಳಕೆ ಅರ್ಧ ಇಳಿದರೆ ಅದು ಆಪ್‌ನ ತಪ್ಪಲ್ಲ, ಅಂಗಡಿಗೇ ಕೆಲಸವಿಲ್ಲ. ಶ್ರಾವಣದಲ್ಲಿ ಬಳಕೆ ಇಳಿದರೆ ಮಾತ್ರ ಚಿಂತೆ ಮಾಡಿ. ಕೆಲಸ ಕತ್ತಿಗೆ ಬಂದಾಗ ನಿಮ್ಮನ್ನು ಪಕ್ಕಕ್ಕಿಟ್ಟು ಬಿಲ್ ಬುಕ್ ಎತ್ತಿಕೊಂಡರು ಅಂತ ಅರ್ಥ. ಹೋದ ವರ್ಷದ ಶ್ರಾವಣದ ಅಂಕಿ ನಿಮ್ಮ ಹತ್ತಿರ ಇದ್ದರೆ ಇವತ್ತೇ ತೆಗೆದು ನೋಡಿ.

70ರಲ್ಲಿ ದುಡ್ಡು ಕೊಡದ ಆ 51 ಜನರಿಗೆ ಫೋನ್ ಮಾಡಿದರೆ ಸಾಕು, ಒಂದು ವಾರದ ಕೆಲಸ. ಬಿಟ್ಟು ಹೋದವರಲ್ಲೂ ಒಂದು ಇಪ್ಪತ್ತು ಜನಕ್ಕೆ ಮಾಡಿ.

ಅಂಗಡಿಗಳು ಗಟ್ಟಿಯಾಗಿ ಉಳಿಯತೊಡಗಿದ ಮೇಲೆ ಬೆಳೆಸುವ ಮಾತು. ಆಗಲೂ ಇಡೀ ಕರ್ನಾಟಕಕ್ಕೆ ಹಾರಬೇಡಿ. ಐಡಿ ಫ್ರೆಶ್ ಅವರ ಇಡ್ಲಿ ದೋಸೆ ಹಿಟ್ಟು ಈಗ ಬೇರೆ ದೇಶಗಳಲ್ಲೂ ಸಿಗುತ್ತದೆ. ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು 2005ರಲ್ಲಿ ಬೆಂಗಳೂರಿನ ಒಂದು ಸಣ್ಣ ಅಡುಗೆಮನೆಯಲ್ಲಿ ಶುರು ಮಾಡಿದಾಗ 20 ಅಂಗಡಿಗಳಿಗಷ್ಟೇ ಹಿಟ್ಟು ಹಾಕುತ್ತಿದ್ದರು. ದಿನಕ್ಕೆ 100 ಪ್ಯಾಕೆಟ್ ಮಾರಾಟ ಆಗಲು ಅವರಿಗೆ 9 ತಿಂಗಳು ಹಿಡಿಯಿತು. ಹಿಟ್ಟು ದಿನಾ ಬೇಕಾಗುವ ವಸ್ತು, ಹಾಗಿದ್ದೂ 9 ತಿಂಗಳು. ನೀವೂ ದಾವಣಗೆರೆಯಲ್ಲೇ 100 ಅಂಗಡಿ ಮಾಡಿ, ಆಮೇಲೆ ಹರಿಹರ, ಆಮೇಲೆ ಚಿತ್ರದುರ್ಗ. ಒಂದೇ ಊರಲ್ಲಿ ಇದ್ದರೆ ಒಬ್ಬ ಟೈಲರ್ ಇನ್ನೊಬ್ಬರಿಗೆ ಹೇಳುತ್ತಾರೆ. ತೊಂದರೆ ಆದರೆ ನೀವು ಬೈಕ್ ಹತ್ತಿ ಹೋಗಬಹುದು. ನೂರು ಊರಲ್ಲಿ ಊರಿಗೊಬ್ಬರು ಇದ್ದರೆ ಎರಡೂ ಆಗಲ್ಲ.

ಎಲ್ಲಿ ಹಿಡಿಯಬೇಕು? ಟೈಲರ್‌ಗಳು ದಿನ ಬಿಟ್ಟು ದಿನ ಹೋಗುವ ಜಾಗ ಮ್ಯಾಚಿಂಗ್ ಸೆಂಟರ್. ಲೈನಿಂಗ್, ಫಾಲ್ಸ್, ಹುಕ್, ದಾರ ಎಲ್ಲ ಅಲ್ಲಿಂದಲೇ. ನಿಮ್ಮೂರಿನ ಮಂಡಿಪೇಟೆ ಸುತ್ತಮುತ್ತ ಅಂಥ ನಾಲ್ಕು ಅಂಗಡಿಯವರ ಜೊತೆ ಕೂತು ಮಾತಾಡಿ. ಅವರು ಕಳಿಸಿದ ಟೈಲರ್ ಮೂರು ತಿಂಗಳು ನಿಂತರೆ ಅವರಿಗೆ ಇಷ್ಟು ಅಂತ ಕೊಡಿ. ಸೇರಿದ ಕೂಡಲೇ ಕೊಡಬೇಡಿ, ನಿಂತರೆ ಕೊಡಿ. ಮಷೀನ್ ರಿಪೇರಿ ಮಾಡುವವರಿಗೂ ಊರಿನ ಪ್ರತಿ ಅಂಗಡಿ ಗೊತ್ತಿರುತ್ತದೆ. ಹೊಲಿಗೆ ಕ್ಲಾಸ್ ನಡೆಸುವವರನ್ನು ಮರೆಯಬೇಡಿ. ಹೊಸದಾಗಿ ಕಲಿತು ಮನೆಯಲ್ಲೇ ಹೊಲಿಯಲು ಶುರು ಮಾಡುವ ಹೆಣ್ಣುಮಕ್ಕಳಿಗೆ ಬಿಲ್ ಬುಕ್ಕಿನ ಅಭ್ಯಾಸ ಇನ್ನೂ ಬಂದಿರಲ್ಲ, ಬಿಡಿಸುವ ಕಷ್ಟ ಇಲ್ಲ.

ಬೆಲೆಯ ಬಗ್ಗೆ. ತಿಂಗಳು ತಿಂಗಳು 149 ಕೇಳೋದು ಈ ಕಸುಬಿಗೆ ಹೊಂದಲ್ಲ ಅನ್ನಿಸುತ್ತದೆ. ಕೈಯಲ್ಲಿ ಕಾಸು ಆಡುವುದು ಹಬ್ಬ ಮತ್ತು ಮದುವೆ ಕಾಲದಲ್ಲಿ. ಆಷಾಢದಲ್ಲಿ 149 ಕೂಡ ಭಾರ, ಆಗಲೇ ಜನ ಬಿಟ್ಟು ಹೋಗೋದು. ವರ್ಷಕ್ಕೊಮ್ಮೆ, ದೀಪಾವಳಿ ಮುಗಿದ ವಾರ ಕೇಳಿ ನೋಡಿ. ಪುಕ್ಕಟೆ ಮಾತ್ರ ಕೊಡಬೇಡಿ. ದುಡ್ಡು ಕೊಟ್ಟವರು ಬೈದು ಹೇಳ್ತಾರೆ, ಪುಕ್ಕಟೆ ತಗೊಂಡವರು ಸುಮ್ನೆ ಬಿಟ್ಟು ಹೋಗ್ತಾರೆ. ನಿಮಗೆ ಬೇಕಾಗಿರೋದು ಬೈಗುಳ.

ಒಂದು ವಿಷಯ ನನಗೆ ನಿಜಕ್ಕೂ ಕಳವಳ ತಂದಿತು. ನಿಮ್ಮ ಆಪ್‌ನಲ್ಲಿ ಹೆಣ್ಣುಮಕ್ಕಳ ಹೆಸರು, ಫೋನ್ ನಂಬರ್, ಮೈಯಳತೆ ಮೂರೂ ಒಟ್ಟಿಗೆ ಕೂತಿವೆ. ಟೈಲರ್ ಅಕ್ಕನ ಪುಸ್ತಕದಲ್ಲಿದ್ದಾಗ ಅದು ಅವರಿಬ್ಬರ ನಡುವಿನ ಮಾತು. ನಿಮ್ಮ ಸರ್ವರಿಗೆ ಬಂದ ಮೇಲೆ ಜವಾಬ್ದಾರಿ ನಿಮ್ಮದು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆಯೂ ಬಂದಿದೆ. ಆ ನಂಬರ್‌ಗಳಿಗೆ ಸೀರೆ ಅಂಗಡಿಯ ಆಫರ್ ಕಳಿಸಿ ದುಡ್ಡು ಮಾಡುವ ಯೋಚನೆ ಮುಂದೊಂದು ದಿನ ಬರುತ್ತದೆ, ಯಾರಾದರೂ ಬಂದು ಕೇಳಿಯೂ ಕೇಳ್ತಾರೆ. ದಯವಿಟ್ಟು ಒಪ್ಪಬೇಡಿ. ಅಳತೆಗಳು ಟೈಲರ್‌ಗೆ ಬಿಟ್ಟು ಬೇರೆ ಯಾರಿಗೂ, ನಿಮ್ಮ ಕೆಲಸಗಾರರಿಗೂ ಕಾಣದ ಹಾಗೆ ಈಗಲೇ ಮಾಡಿ. ಹೊಸ ಫೀಚರ್ ಬೇಡ ಅಂದೆ, ಈ ಒಂದು ಕೆಲಸ ಮಾತ್ರ ಈ ವಾರವೇ ಆಗಲಿ.

ಹೂಡಿಕೆದಾರರು ಈಗ ಬೇಡ. 19 ಅಂಗಡಿ ಇಟ್ಟುಕೊಂಡು ಹೋದರೆ ತಿಂಗಳುಗಟ್ಟಲೆ ಓಡಾಡಿಸುತ್ತಾರೆ, ಆ ಸಮಯ ಅಂಗಡಿಗಳಿಗೆ ಸೇರಬೇಕಾದದ್ದು. ಹೊರಗಿನ ದುಡ್ಡು ಇಲ್ಲದೆ ಬೆಳೆಯಲು ಆಗೋದೇ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಬೆಂಗಳೂರಿನ ಜೆರೋಧಾ 2010ರಲ್ಲಿ ಶುರುವಾಗಿ ದೇಶದ ದೊಡ್ಡ ಷೇರು ಬ್ರೋಕರ್‌ಗಳಲ್ಲಿ ಒಂದಾದದ್ದು ಹೊರಗಿನ ಹೂಡಿಕೆ ಇಲ್ಲದೆಯೇ. ನಿಮ್ಮ ಹಾಳೆಯ ಸಾಲುಗಳು ಒಂದು ಕಡೆ ನಿಂತಿವೆ ಅಂತ ತೋರಿಸುವಂತಾದಾಗ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಗೆ ಅರ್ಜಿ ಹಾಕಿ. ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಅದಕ್ಕೆ ಕಂಪನಿಯ ಪಾಲು ಕೊಡಬೇಕಾಗಿಲ್ಲ. ಹೊಸ ಕಂಪನಿಗಳಿಗೆ ನೆರವಾಗುವ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ನಿಮಗೆ ಬೆಂಗಳೂರಿಗಿಂತ ಹತ್ತಿರ. ಒಮ್ಮೆ ಹೋಗಿ ಬನ್ನಿ, ದೊಡ್ಡ ಊರಿನ ಹೊರಗೆ ಕಂಪನಿ ಕಟ್ಟುತ್ತಿರುವವರು ಅಲ್ಲಿ ಸಿಗುತ್ತಾರೆ.

ಈಗ ತಿಂಗಳ ಖರ್ಚು. ಜಾಹೀರಾತು ನಿಲ್ಲಿಸಿ, ನೀವಿಬ್ಬರೇ ಓಡಾಡಿದರೆ 60 ಸಾವಿರವನ್ನು 40ಕ್ಕೆ ಇಳಿಸಲು ಆಗುತ್ತದಾ ನೋಡಿ. ಹಾಗೆ ಇಳಿಸಿದರೆ 10 ತಿಂಗಳು 15 ಆಗುತ್ತದೆ. ಅಂದರೆ ಈ ಸಲದ ಹಬ್ಬಗಳ ಜೊತೆಗೆ ಮುಂದಿನ ವರ್ಷದ ಶ್ರಾವಣವೂ ನಿಮಗೆ ಸಿಗುತ್ತದೆ.

ಈಗ ಆಷಾಢ, ಟೈಲರ್‌ಗಳ ಹತ್ತಿರ ಮಾತಾಡಲು ಪುರುಸೊತ್ತಿರುವ ಕಾಲ. ನೀವಿಬ್ಬರೂ 19 ಅಂಗಡಿಗಳನ್ನು ಹಂಚಿಕೊಳ್ಳದೆ ಪ್ರತಿ ಅಂಗಡಿಗೂ ಜೊತೆಗೇ ಹೋಗಿ. ಇಬ್ಬರೂ ಒಂದೇ ಅಂಗಡಿಯಲ್ಲಿ ಕೂತು ಬಂದರೆ ಜಾಹೀರಾತಾ ಫೀಚರ್ರಾ ಅನ್ನುವ ಜಗಳ ತಾನಾಗಿ ಕಡಿಮೆಯಾಗುತ್ತದೆ. ಅತಿ ಹೆಚ್ಚು ಆರ್ಡರ್ ಬರೆಯುವ ಅಂಗಡಿಯಿಂದ ಶುರು ಮಾಡಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಮತ್ತೆ ಹೋಗಿ, ಆಗ ಮಾತಾಡಿಸಬೇಡಿ, ನೋಡಿ ಅಷ್ಟೇ. ಬಿಲ್ ಬುಕ್ ಹೊರಗೆ ಬಂದಿದೆಯಾ, ಒಳಗಿದೆಯಾ ಅಂತ ನನಗೆ ಬರೆದು ತಿಳಿಸಿ.